ನೂರಕ್ಕೆ ಸೊನ್ನೆ ಬಂದ ಭುಜ

ಒದ್ದೆ ಹೊದಿಕೆಯ ಒಂದು ತುದಿ ಹೆಂಡತಿಯ ಎರಡೂ ಕೈಯಲ್ಲಿತ್ತು, ಇನ್ನೊಂದು ತುದಿ ಗಂಡನ ಎಡಗೈಯಲ್ಲಿ. ಆಕೆ ಬಲಕ್ಕೆ ತಿರುಚುತ್ತಿದ್ದರು, ಆತ ಎಡಕ್ಕೆ. ಹಿಂಡಿದ ನೀರೆಲ್ಲ ಆತನ ಪಾದದ ಮೇಲೆಯೇ ಇಳಿಯುತ್ತಿತ್ತು.

"ಸ್ವಲ್ಪ ಗಟ್ಟಿಯಾಗಿ ಹಿಡೀರಿ. ಹಾವಿನ ಬಾಲ ಹಿಡಿದ ಹಾಗೆ ಹಿಡಿದಿದ್ದೀರಿ."

"ಒಂದು ಕೈಯಲ್ಲಿ ಆಗೋದೇ ಇಷ್ಟು."

"ಇನ್ನೊಂದು ಕೈ ಏನು, ನಿಮಗಿಂತ ಮೊದಲೇ ನಿವೃತ್ತಿ ತಗೊಂಡಿದೆಯಾ?"

ಅಷ್ಟರಲ್ಲಿ ಫೋನು ರಿಂಗಾಯಿತು. ಹೆಂಡತಿ ಹೊದಿಕೆಯ ತುದಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಒದ್ದೆ ಕೈಯಲ್ಲೇ ಫೋನನ್ನು ಕಿವಿಗಿಟ್ಟುಕೊಂಡರು. ಆಸ್ಪತ್ರೆಯ ಭುಜದ ವಿಭಾಗದ ಗುಮಾಸ್ತ ಮಾತಾಡುತ್ತಿದ್ದ.

"ನಿಮ್ಮ ಯಜಮಾನರು ಮೊನ್ನೆ ಪಟ್ಟಿ ತುಂಬಿ ಹೋದರಲ್ಲ, ಅದರ ಅಂಕ ಹಾಕಿದ್ದೀವಿ. ನೂರಕ್ಕೆ ಸೊನ್ನೆ."

"ಎಷ್ಟು?"

"ಸೊನ್ನೆ, ಅಮ್ಮಾ. ಇಲ್ಲೀವರೆಗೆ ಯಾರಿಗೂ ಅಷ್ಟು ಬಂದಿಲ್ಲ. ಅದಕ್ಕೇ ಕೇಳೋಣ ಅಂತ ಫೋನ್ ಮಾಡಿದೆ. ಅವರು ಇದ್ದಾರಾ?"

ಇದ್ದಾರಾ ಎಂದರೆ ಮನೆಯಲ್ಲಿ ಇದ್ದಾರಾ ಎಂದೋ, ಇನ್ನೂ ಇದ್ದಾರಾ ಎಂದೋ ತಿಳಿಯದೆ ಆಕೆ ಗಂಡನ ಕಡೆ ನೋಡಿದರು. ಹೊದಿಕೆ ಕಂಕುಳಿಂದ ಜಾರಿ ಮಣ್ಣಿಗೆ ಬಿತ್ತು.

"ಸೊನ್ನೆ ಬಂದಿದೆಯಂತೆ ರೀ," ಎಂದರು ಸಣ್ಣ ದನಿಯಲ್ಲಿ.

ಗಂಡನ ಮುಖ ಅರಳಿತು. "ಸರಿಯಾಗಿ ಸೊನ್ನೆಯಾ? ಕಾಲು, ಅರ್ಧ, ಏನೂ ಇಲ್ವಾ?"

"ಏನೂ ಇಲ್ಲ."

"ಭೇಷ್. ಪಟ್ಟಿ ಒಳ್ಳೇದೇ ಇದೆ ಹಾಗಾದ್ರೆ."

ಹೆಂಡತಿ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತರು. ಭುಜದ ನೋವು ತಲೆಗೇರುತ್ತದೆ ಎಂದು ಯಾವ ಡಾಕ್ಟರೂ ಅವರಿಗೆ ಹೇಳಿರಲಿಲ್ಲ.

ಆತನಿಗೆ ಊರಿಟ್ಟ ಹೆಸರು ತಕ್ಕಡಿ ಸಾಹೇಬರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತಪಾಸಣೆಯ ಕೆಲಸ. ಅಂಗಡಿಯ ತಕ್ಕಡಿ ಸರಿಯಿದ್ದರೆ ಮುದ್ರೆ, ಸರಿಯಿಲ್ಲದಿದ್ದರೆ ನೋಟೀಸು. ಇವೆರಡರ ನಡುವೆ ಮೂರನೆಯದೊಂದು ದಾರಿ ಇದೆ ಎಂದು ಎಷ್ಟೋ ಅಂಗಡಿಯವರು ನಗುನಗುತ್ತಾ ಸೂಚಿಸಿದ್ದರು; ಸಾಹೇಬರಿಗೆ ಅರ್ಥವೇ ಆಗಿರಲಿಲ್ಲ. ಸ್ವಂತ ಅಕ್ಕನ ಮಗಳ ಮದುವೆಗೆ ಹೋದವರು ಅಡುಗೆ ಸಾಮಾನು ತೂಗಿದ ತಕ್ಕಡಿಯನ್ನು ವಶಪಡಿಸಿಕೊಂಡು ಬಂದ ಮನುಷ್ಯ. ಐದು ತಿಂಗಳ ಹಿಂದೆ ಗುಜರಿ ಅಂಗಡಿಯಲ್ಲಿ ತೊಲೆಗೆ ತೂಗುಹಾಕಿದ್ದ ತಕ್ಕಡಿಯ ಮುದ್ರೆ ಓದಲು ಸ್ಟೂಲು ಹತ್ತಿ, ಮುದ್ರೆ ಹಳೆಯದೆಂದು ಕಂಡು, ಆ ಸಂತೋಷದಲ್ಲಿ ಸ್ಟೂಲಿನ ಮೇಲಿರುವುದು ಮರೆತು ಒಂದು ಹೆಜ್ಜೆ ಮುಂದಿಟ್ಟರು. ಬಲ ಭುಜದ ಸ್ನಾಯು ಹರಿಯಿತು. ಆಪರೇಷನ್ ಆಯಿತು.

ಈಗ ಅವರ ಕುರ್ಚಿಯಲ್ಲಿ ಕಿರಿಯ ತಪಾಸಕನೊಬ್ಬ ಕೂತಿದ್ದ. ಅವನು ತಕ್ಕಡಿಯ ಕಡೆ ನೋಡದೆ, ಅಂಗಡಿಯವನ ಮುಖ ನೋಡಿಯೇ ಮುದ್ರೆ ಒತ್ತಬಲ್ಲವನು. ಊರಿನ ಅಂಗಡಿಯವರೆಲ್ಲ ಸಾಹೇಬರ ಭುಜ ನಿಧಾನವಾಗಿ ವಾಸಿಯಾಗಲಿ ಎಂದು ಹಾರೈಸುತ್ತಿದ್ದರು. "ಕೈ ಸರಿಯಾಗಿದೆ, ತಪಾಸಣೆಗೆ ಹೋಗಬಹುದು" ಎಂದು ಆಸ್ಪತ್ರೆಯಿಂದ ಅಂಚೆಯಲ್ಲಿ ಕಾಗದ ಬರಬೇಕು. ತಿಂಗಳ ಕೊನೆಯೊಳಗೆ ಬರದಿದ್ದರೆ ಆ ಕುರ್ಚಿ ಕಿರಿಯನಿಗೇ ಖಾಯಂ, ಸಾಹೇಬರಿಗೆ ಹಳೇ ಕಡತಗಳ ಕೋಣೆ. ಆ ಕೋಣೆಯಲ್ಲಿ ಕಿಟಕಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ತಕ್ಕಡಿಯಿಲ್ಲ.

ಆದರೆ ಆಸ್ಪತ್ರೆಯ ದೊಡ್ಡ ಡಾಕ್ಟರು ಅದೇ ಹೊತ್ತಿಗೆ ಹೊಸದೊಂದು ಅಂಕಪಟ್ಟಿ ತಯಾರಿಸಿದ್ದರು. ಭುಜಕ್ಕೆ ಚಿಕಿತ್ಸೆ ಆದವರಿಗೆ ಎಷ್ಟು ಗುಣವಾಗಿದೆ ಎಂದು ತಿಳಿಯಲು ಇಪ್ಪತ್ತು ಪ್ರಶ್ನೆ. ತಲೆ ಬಾಚಿಕೊಳ್ಳಬಲ್ಲಿರಾ, ಬೆನ್ನು ಉಜ್ಜಿಕೊಳ್ಳಬಲ್ಲಿರಾ, ಮೇಲಿನ ಹಲಗೆಯಿಂದ ಡಬ್ಬಿ ಇಳಿಸಬಲ್ಲಿರಾ, ಆ ಮಗ್ಗುಲಲ್ಲಿ ಮಲಗಬಲ್ಲಿರಾ. ಒಂದೊಂದಕ್ಕೆ ಸೊನ್ನೆಯಿಂದ ಐದು ಅಂಕ, ಒಟ್ಟು ನೂರು. ಹದಿನೈದು ದಿನ ಬಿಟ್ಟು ಎರಡು ಸಲ ತುಂಬಬೇಕು. ಎರಡನೆಯದು ಕೈಸೇರಿದ ಮೇಲೆಯೇ ಯಾರ ಕಾಗದವಾದರೂ ಹೊರಡುವುದು.

ಮೊದಲ ಸಲ ಪಟ್ಟಿ ಕೊಟ್ಟವರು ಆಸ್ಪತ್ರೆಯ ಲೆಕ್ಕದ ಮೇಡಂ. ಅಂಕಿಗಳನ್ನು ಕೂಡಿಸಿ ಕಳೆದು ಸತ್ಯ ಹಿಂಡುವುದು ಅವರ ಉದ್ಯೋಗ. ಸಾಹೇಬರು ಹಣೆ ಬೆವರಿಸಿಕೊಂಡು ಕೂತದ್ದು ಕಂಡು ಅವರು ಸಮಾಧಾನ ಹೇಳಿದರು: "ಹೆದರಬೇಡಿ ಸಾರ್. ಇದು ನಿಮಗೆ ಪರೀಕ್ಷೆ ಅಲ್ಲ. ಪರೀಕ್ಷೆ ಈ ಪಟ್ಟಿಗೆ. ಇದು ಸರಿಯಾಗಿ ತೂಗುತ್ತೋ ಇಲ್ವೋ ಅಂತ ನೋಡ್ತಿದ್ದೀವಿ ಅಷ್ಟೆ."

ಇನ್ನೊಬ್ಬ ರೋಗಿಗೆ ಹೇಳಿದ್ದರೆ ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತಿತ್ತು. ತಕ್ಕಡಿ ಸಾಹೇಬರಿಗೆ ಹೇಳಿದರು. ಐದು ತಿಂಗಳಿಂದ ಕೆಲಸವಿಲ್ಲದೆ ಒಣಗಿದ್ದ ಮನುಷ್ಯನ ಬೆನ್ನು ನೆಟ್ಟಗಾಯಿತು. ತೂಗುತ್ತದೋ ಇಲ್ಲವೋ ನೋಡುವುದಾ? ಅದಕ್ಕೆ ಒಂದು ಕ್ರಮವಿದೆ. ಮೊದಲು ಖಾಲಿ ತಟ್ಟೆ ಇಟ್ಟು ನೋಡಬೇಕು, ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ಆಮೇಲೆ ಪೂರ್ತಿ ಭಾರ ಹೇರಬೇಕು, ಮುಳ್ಳು ತುದಿಗೆ ಹೋಗಬೇಕು. ಇವೆರಡೂ ಆಗದೆ ನಡುವಿನ ತೂಕ ಇಡುವವನು ತಪಾಸಕನೇ ಅಲ್ಲ. ಆದ್ದರಿಂದ ಸಾಹೇಬರು ಇಪ್ಪತ್ತು ಪ್ರಶ್ನೆಗೂ ಸೊನ್ನೆ ಗೀಚಿ, ಎಡಗೈಯಲ್ಲಿ ಸಹಿ ಹಾಕಿ ಎದ್ದುಬಂದಿದ್ದರು. ಪರೀಕ್ಷೆ ಮುಗಿಯುವವರೆಗೆ ಯಾರಿಗೂ ಬಾಯಿ ಬಿಡಬಾರದೆಂಬುದು ಇಲಾಖೆಯ ನಿಯಮ. ಹೆಂಡತಿಗೆ ಹೇಳಬಹುದೆಂದು ನಿಯಮದಲ್ಲಿ ಎಲ್ಲಿಯೂ ಬರೆದಿಲ್ಲ.

ಸೊನ್ನೆಯ ಸುದ್ದಿ ಹೊದಿಕೆ ಒಣಗುವ ಮೊದಲೇ ಬೀದಿ ದಾಟಿತು.

ಮೊದಲು ಬಂದವರು ಸಾಹೇಬರ ಅಕ್ಕ. ತಮ್ಮನ ಬಲಗೈಯನ್ನು ಮುಟ್ಟಿ ಮುಟ್ಟಿ ನೋಡಿದರು. "ಬೆಚ್ಚಗಿದೆಯಲ್ಲೋ."

"ಬೆಚ್ಚಗಿರದೆ ಏನಕ್ಕಾ?"

"ಸೊನ್ನೆ ಅಂದ್ರಲ್ಲ. ಸತ್ತವರ ಕೈಗೂ ಒಂದೆರಡು ಕೊಡ್ತಾರಪ್ಪ, ಕನಿಕರಕ್ಕಾದ್ರೂ."

ಪಕ್ಕದ ಮನೆಯ ಟೈಲರ್ ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡೇ ಬಂದ. ಬಲತೋಳಿಲ್ಲದ ಶರ್ಟು ಹೊಲಿದುಕೊಡುತ್ತೇನೆ, ಪಕ್ಕದಲ್ಲಿ ಗುಂಡಿ, ತಲೆ ತೂರಿಸುವ ಕಷ್ಟವಿಲ್ಲ, ಇಂಥ ಹೊತ್ತಿನಲ್ಲಿ ಮನುಷ್ಯ ಮನುಷ್ಯನಿಗೆ ಆಗಬೇಕು ಎಂದ. ಹೆಂಡತಿಯ ತಮ್ಮ ಬಂದವನು ಗೋಡೆಗೊರಗಿ ನಿಂತ. ಕೊನೆಗೆ, "ಭಾವ, ನಿಮ್ಮ ಸೈಕಲ್ಲು ಇನ್ನು ಯಾರು ಓಡಿಸ್ತಾರೆ?" ಎಂದು ಕೇಳಿ ತನ್ನ ಅಕ್ಕನಿಂದ ಬೈಸಿಕೊಂಡ.

ಸಂಜೆಗೆ ಕಿರಿಯ ತಪಾಸಕನೇ ಬಂದ. ಮುಖದಲ್ಲಿ ಮರುಕ ತುಂಬಿ ತುಳುಕುತ್ತಿತ್ತು. ಅದರ ಅಡಿಯಲ್ಲಿ ಏನಿತ್ತೆಂದು ಕೆದಕುವುದು ಸಭ್ಯರ ಕೆಲಸವಲ್ಲ.

"ಸಾರ್, ವಿಷಯ ಕೇಳಿ ಎದೆ ಒಡೆದುಹೋಯ್ತು. ಕಡತದ ಕೋಣೆ ಗುಡಿಸಿಸಿ ಇಟ್ಟಿದ್ದೀನಿ. ತೂಕದ ಬಟ್ಟುಗಳ ಬೀರುವಿನ ಕೀಲಿ ನಿಮ್ಮ ಹತ್ತಿರಾನೇ ಉಳಿದಿದೆಯಲ್ಲ, ಕೊಟ್ಟುಬಿಟ್ರೆ ಭಾರ ಇಳಿದ ಹಾಗೆ."

"ಐದು ತಿಂಗಳಿಂದ ಬಟ್ಟು ಇಲ್ಲದೆ ಹೇಗೆ ತೂಗ್ತಿದ್ದೆ?"

ಕಿರಿಯ ಕಣ್ಣು ಕಣ್ಣು ಬಿಟ್ಟ. ತೂಕದ ಬಟ್ಟು ಇಲ್ಲದೆ ತಪಾಸಣೆ ನಡೆಯುವುದಿಲ್ಲ ಎಂಬ ವಿಚಾರ ಅವನಿಗೆ ಅದೇ ಮೊದಲು ಹೊಳೆದಂತಿತ್ತು.

"ಇನ್ನು ಹದಿನೈದು ದಿನ ತಡಿ," ಎಂದರು ಸಾಹೇಬರು. "ಇನ್ನೊಂದು ಪಟ್ಟಿ ಬಾಕಿ ಇದೆ."

ಆ ಇನ್ನೊಂದು ಪಟ್ಟಿಯನ್ನು ಸಾಹೇಬರು ಹದಿನೈದನೆಯ ದಿನ ತುಂಬಿದರು. ಪೂರ್ತಿ ಭಾರ. ಇಪ್ಪತ್ತಕ್ಕೆ ಇಪ್ಪತ್ತೂ ಐದು.

ಹೊತ್ತು ಇಳಿಯುವಷ್ಟರಲ್ಲಿ ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳುವುದಕ್ಕೆ ನಾಲ್ಕು ಬಾಯಿ ಬೇಕು. ಗುಮಾಸ್ತ ಮೂರು ಸಲ ಕೂಡಿಸಿ ನೋಡಿ, ನೀರು ಕುಡಿದು, ನಾಲ್ಕನೇ ಸಲ ಕೂಡಿಸಿದ. ಸೊನ್ನೆಯಿಂದ ನೂರು. ವ್ಯಾಯಾಮ ಹೇಳಿಕೊಡುವ ಹುಡುಗಿಯನ್ನು ಕರೆದು ಏನು ಮಾಡಿಸಿದೆ ಎಂದರು. "ಗೋಡೆ ಮೇಲೆ ಬೆರಳು ನಡೆಸೋಕೆ ಹೇಳಿದ್ದೆ, ಅಷ್ಟೇ," ಎಂದು ಆಕೆ ಅಳುವುದಕ್ಕೆ ಶುರುಮಾಡಿದಳು. ಅಳು ಕೇಳಿ ಸಾಲಿನಲ್ಲಿದ್ದ ರೋಗಿಗಳು ಒಳಗೆ ಇಣುಕಿದರು. ಮರುದಿನ ಬೆಳಿಗ್ಗೆ ಆಕೆಯ ಬಾಗಿಲಲ್ಲಿ ನಲವತ್ತು ಜನ. ಭುಜದವರು, ಮೊಣಕಾಲಿನವರು, ಹಲ್ಲುನೋವಿನವನೊಬ್ಬ. ಗೋಡೆ ಸಾಲದೆ ಓಣಿಯ ಉದ್ದಕ್ಕೂ ಜನ ನಿಂತು ಗೋಡೆಯ ಮೇಲೆ ಬೆರಳು ನಡೆಸುತ್ತಿದ್ದರು. ದೊಡ್ಡ ಡಾಕ್ಟರು ದೂರದ ಸಭೆಯೊಂದರಲ್ಲಿ ಮಾಡಬೇಕಾದ ಭಾಷಣದ ತಲೆಬರಹವನ್ನು ಹೊಡೆದುಹಾಕಿ ಹೊಸದು ಬರೆದರು.

ಮನೆಯಲ್ಲಿ ಟೈಲರ್ ಬಲತೋಳಿಲ್ಲದ ಎರಡು ಶರ್ಟು ಕೈಯಲ್ಲಿ ಹಿಡಿದು ಗರ ಬಡಿದವನಂತೆ ನಿಂತಿದ್ದ. ಆಮೇಲೆ ಚೇತರಿಸಿಕೊಂಡು, "ನೂರು ಬಂದಿದೆ ಅಂದ್ಮೇಲೆ ನನ್ನ ಹೊಲಿಗೆ ಮಿಷನ್ನು ಸ್ವಲ್ಪ ಮಹಡಿಗೆ ಎತ್ತಿಟ್ಟುಬಿಡಿ ಸಾಹೇಬ್ರೇ," ಎಂದ. ಆಗುವುದಿಲ್ಲ ಎಂದರು ಸಾಹೇಬರು. "ನೂರಕ್ಕೆ ನೂರು ಬಂದವರಿಗೆ ನೆರೆಮನೆಯವರು ಕಾಣೋದಿಲ್ಲ," ಎಂದು ಟೈಲರ್ ಎರಡು ಶರ್ಟನ್ನೂ ಮಡಚಿ ಹೊರಟ.

ಅವನು ಹೋದ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟರು. "ನೂರು ಬಂತಂತೆ."

"ಬಂತು. ಪಟ್ಟಿಯಲ್ಲಿ ದೋಷ ಇಲ್ಲ."

"ಇವತ್ತು ಬೆಳಿಗ್ಗೆ ನಿಮ್ಮ ಶರ್ಟಿಗೆ ಗುಂಡಿ ಹಾಕಿದ್ದು ಯಾರು?"

"ನೀನು."

"ತಲೆ ಬಾಚಿದ್ದು?"

"ನೀನೇ."

"ಹಾಗಾದ್ರೆ ಆ ನೂರು ನಂದು," ಎಂದು ಆಕೆ ಒಳಗೆ ಹೋದರು. ಆವತ್ತು ಊಟಕ್ಕೆ ಕರೆದದ್ದು ಒಂದೇ ಸಲ.

ಕಾಗದ ಮಾತ್ರ ಹೊರಡಲಿಲ್ಲ. ಒಂದು ದಿನ ಆಯಿತು, ಐದು ದಿನ ಆಯಿತು. ತಿಂಗಳು ಮುಗಿಯಲು ಮೂರೇ ದಿನ ಉಳಿದಾಗ ಲೆಕ್ಕದ ಮೇಡಂ ಕರೆ ಕಳಿಸಿದರು. ಪಟ್ಟಿಯ ತಪಾಸಣೆ ಹೇಗೆ ನಡೆಯಿತೆಂದು ವಿವರಿಸಬೇಕಾಗುತ್ತದೆಂದು ಸಾಹೇಬರು ಮನೆಯಲ್ಲಿಟ್ಟುಕೊಂಡಿದ್ದ ಮುದ್ರೆಯ ಐದು ಕಿಲೋ ಬಟ್ಟನ್ನು ಚೀಲಕ್ಕೆ ಹಾಕಿದರು. ಚೀಲ ಹೊತ್ತವರು ಹೆಂಡತಿ.

ವ್ಯಾಯಾಮದ ಕೋಣೆಯಲ್ಲಿ ದೊಡ್ಡ ಡಾಕ್ಟರು, ಮೇಡಂ, ಅತ್ತು ಅತ್ತು ಕಣ್ಣು ಊದಿದ್ದ ಹುಡುಗಿ, ಮೂವರೂ ಕಾದಿದ್ದರು. ಮೇಡಂ ಎರಡು ಪಟ್ಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಸಾರ್, ನೂರಾ ಎಂಬತ್ತಾರು ಜನ ಈ ಪಟ್ಟಿ ತುಂಬಿದ್ದಾರೆ. ಎರಡು ಸಲಕ್ಕೂ ಹೆಚ್ಚೆಂದರೆ ಐದಾರು ಅಂಕ ಆಚೆ ಈಚೆ. ನಿಮ್ಮೊಬ್ಬರದ್ದು ನೂರು ವ್ಯತ್ಯಾಸ. ಇದು ಏನು ಅಂತ ನೀವೇ ಹೇಳಬೇಕು. ನಾನು ಒಂದು ವಾರದಿಂದ ನೆಟ್ಟಗೆ ಊಟ ಮಾಡಿಲ್ಲ."

ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಮೊದಲನೆಯದು ಖಾಲಿ ತಟ್ಟೆ ಮೇಡಂ. ಎರಡನೆಯದು ಪೂರ್ತಿ ಭಾರ. ಎರಡರಲ್ಲೂ ನಿಮ್ಮ ಪಟ್ಟಿ ಪಾಸಾಗಿದೆ. ಅಭಿನಂದನೆಗಳು."

ಮೇಡಂ ಎರಡೂ ಪಟ್ಟಿಯನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು.

"ಅಂದ್ರೆ ನೀವು ಬರೆದದ್ದು ನಿಮ್ಮ ಕೈಯ ಸ್ಥಿತಿ ಅಲ್ಲ," ಎಂದರು ಮೇಡಂ, ಒಂದೊಂದೇ ಮಾತನ್ನು ಹೆಕ್ಕಿ ಇಡುತ್ತಾ.

"ನನ್ನ ಕೈಗೆ ಪರೀಕ್ಷೆ ಅಲ್ಲ ಅಂದಿರಿ. ಪಟ್ಟಿಗೆ ಪರೀಕ್ಷೆ ಅಂದಿರಿ."

ಮೇಡಂ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ದೊಡ್ಡ ಡಾಕ್ಟರು ಜೇಬಿನಿಂದ ಭಾಷಣದ ಕಾಗದ ತೆಗೆದು, ನೋಡಿ, ಮಡಚಿ, ಮತ್ತೆ ಇನ್ನಷ್ಟು ಚಿಕ್ಕದಾಗಿ ಮಡಚಿದರು. ಹೆಂಡತಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಗಂಡನಿಗೆ ಹುಚ್ಚು ಹಿಡಿದಿಲ್ಲ, ಹಿಡಿದಿರುವುದು ಹಳೆಯದೇ.

"ಸಾರ್," ಎಂದರು ಮೇಡಂ ಕೊನೆಗೆ, "ತಕ್ಕಡಿ ಪರೀಕ್ಷೆಗೆ ಗೊತ್ತಿರೋ ತೂಕದ ಬಟ್ಟು ಇಡ್ತೀರಿ ತಾನೆ? ಇಲ್ಲಿ ಆ ಬಟ್ಟು ಅಂದ್ರೆ ನಿಮ್ಮ ನಿಜವಾದ ಕೈ. ಅದರ ಶಕ್ತಿ ನಾವು ಬೇರೆ ಅಳೆದಿರ್ತೀವಿ. ಅದಕ್ಕೂ ನಿಮ್ಮ ಉತ್ತರಕ್ಕೂ ತಾಳೆ ಆಗುತ್ತಾ ಅಂತ ನೋಡೋದು. ನೀವು ಬಟ್ಟನ್ನೇ ಮನೇಲಿ ಬಿಟ್ಟು ಬಂದಿರಿ."

ಈ ಮಾತು ಸಾಹೇಬರಿಗೆ ನಾಟಿತು. ಇಪ್ಪತ್ತೆರಡು ವರ್ಷದಲ್ಲಿ ಬಟ್ಟು ಮರೆತು ಬಂದವನೆಂದು ಅವರಿಗೆ ಯಾರೂ ಅಂದಿರಲಿಲ್ಲ. ಮುಖ ಸಣ್ಣದಾಯಿತು. "ಹೌದು, ತಪ್ಪಾಯ್ತು," ಎಂದರು. ಆಮೇಲೆ ಅಭ್ಯಾಸಬಲದಿಂದ ಕೇಳಿದರು: "ಕೈಯ ಶಕ್ತಿ ಯಾವುದರಲ್ಲಿ ಅಳೀತೀರಿ?"

ಹುಡುಗಿ ಗೋಡೆ ತೋರಿಸಿದಳು. ತಲೆಗಿಂತ ಎತ್ತರದ ಕೊಕ್ಕೆಗೆ ಒಂದು ಸ್ಪ್ರಿಂಗ್ ತಕ್ಕಡಿ ತೂಗುತ್ತಿತ್ತು. ರೋಗಿಗಳು ಅದಕ್ಕೆ ಬಟ್ಟೆಯ ಹಿಡಿಕೆ ಸಿಕ್ಕಿಸಿ ಕೆಳಕ್ಕೆ ಎಳೆಯಬೇಕು, ಎಷ್ಟು ಕಿಲೋ ಎಳೆದರೆಂದು ಹುಡುಗಿ ಬರೆದುಕೊಳ್ಳಬೇಕು.

ಸಾಹೇಬರು ಹತ್ತಿರ ಹೋದರು. ಮುಂದೆ ನೋಡಿದರು. ಹಿಂದೆ ನೋಡಿದರು. ಬಗ್ಗಿ ಅಡಿಯಲ್ಲಿ ನೋಡಿದರು.

"ಮುದ್ರೆ ಎಲ್ಲಿದೆ?"

ದೊಡ್ಡ ಡಾಕ್ಟರು ಹುಡುಗಿಯನ್ನು ನೋಡಿದರು, ಹುಡುಗಿ ಮೇಡಂ ಅವರನ್ನು, ಮೇಡಂ ತಕ್ಕಡಿಯನ್ನು.

"ಚೀಲ ಕೊಡು," ಎಂದರು ಸಾಹೇಬರು ಹೆಂಡತಿಗೆ, ಕಣ್ಣು ಮುಳ್ಳಿನಿಂದ ಕೀಳದೆ. ಎಡಗೈಯಲ್ಲಿ ತಕ್ಕಡಿಯ ಮೈ ಅಲುಗದಂತೆ ಹಿಡಿದರು. ಅದು ಅವರ ಪದ್ಧತಿ: ತಕ್ಕಡಿಗೆ ಎಡಗೈ, ಬಟ್ಟಿಗೆ ಬಲಗೈ, ಮುಳ್ಳಿಗೆ ಕಣ್ಣು. ಹೆಂಡತಿ ಚೀಲದ ಬಾಯಿ ಬಿಡಿಸಿ ಹಿಡಿದರು. ಸಾಹೇಬರ ಬಲಗೈ ಚೀಲದೊಳಗೆ ಹೋಯಿತು, ಐದು ಕಿಲೋ ಬಟ್ಟಿನ ಕಿವಿ ಹಿಡಿಯಿತು, ಮೇಲೆದ್ದಿತು, ಸೊಂಟ ದಾಟಿತು, ಎದೆ ದಾಟಿತು, ಹಣೆಯ ಎತ್ತರಕ್ಕೆ ಹೋಗಿ ತಕ್ಕಡಿಯ ಕೊಕ್ಕೆಗೆ ಬಟ್ಟನ್ನು ಸಿಕ್ಕಿಸಿ ಕೆಳಗಿಳಿಯಿತು.

ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರ ಕನ್ನಡಕ ಮೂಗಿನ ತುದಿಗೆ ಜಾರಿತು. ಹೆಂಡತಿ ಖಾಲಿ ಚೀಲವನ್ನು ಹಾಗೆಯೇ ಬಾಯಿ ತೆರೆದು ಹಿಡಿದುಕೊಂಡು ನಿಂತರು. ಯಾರ ಬಾಯಿ ಹೆಚ್ಚು ತೆರೆದಿತ್ತೆಂದು ಹೇಳುವುದು ಕಷ್ಟ.

"ಆರೂವರೆ," ಎಂದರು ಸಾಹೇಬರು. "ಐದಕ್ಕೆ ಆರೂವರೆ ತೋರಿಸ್ತಿದೆ. ಒಂದೂವರೆ ಕಿಲೋ ಸುಳ್ಳು."

ಮೇಡಂ ಬಿಟ್ಟರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಹುಡುಗಿ ಮೆಲ್ಲಗೆ, ಮಲಗಿದ ಮಗುವನ್ನು ಎಬ್ಬಿಸುವವಳಂತೆ ಕೇಳಿದಳು: "ಸಾರ್, ಅದು ಯಾವ ಕೈ?"

ಸಾಹೇಬರು ತಮ್ಮ ಬಲಗೈಯನ್ನು ನೋಡಿದರು. ನೋಡಿದ ಮೇಲೆ ನೋವು ಬಂತು. "ಅಯ್ಯಯ್ಯೋ" ಎಂದು ಭುಜ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಮೇಡಂ ಅವರಿಗೆ ನೋವು ಆ ಹೊತ್ತಿಗೆ ಬೇರೆ ಜಾಗದಲ್ಲಿ ಹತ್ತಿತ್ತು.

"ಒಂದೂವರೆ ಕಿಲೋ ಅಂದಿರಾ? ನೂರಾ ಎಂಬತ್ತಾರು ಜನರದ್ದೂ ಇದರಲ್ಲೇ ಅಳೆದಿರೋದು."

"ಅಷ್ಟೂ ಜನಕ್ಕೆ ಇಲ್ಲದ ಶಕ್ತಿ ಕೊಟ್ಟಿದ್ದೀರಿ, ಮೇಡಂ," ಎಂದರು ಸಾಹೇಬರು ಹಲ್ಲು ಕಚ್ಚಿಕೊಂಡು.

ಹುಡುಗಿ ಅವರ ಭುಜಕ್ಕೆ ಐಸಿನ ಚೀಲ ಇಟ್ಟಳು. ದೊಡ್ಡ ಡಾಕ್ಟರು ಭುಜವನ್ನು ಆಡಿಸಿ ನೋಡಿ, ಏನೂ ಹರಿದಿಲ್ಲ, ತಪಾಸಣೆಗೆ ಹೋಗಬಹುದು, ಭಾರ ಎತ್ತಲು ಇನ್ನೆರಡು ತಿಂಗಳು ಇನ್ನೊಬ್ಬರಿರಲಿ ಎಂದರು. ಮೇಜಿನ ಮೇಲೆ ಕಾಗದ ಆಗಲೇ ಬರೆದಾಗಿತ್ತು, ಸಹಿಯೊಂದು ಬಾಕಿ. ಡಾಕ್ಟರು ಪೆನ್ನು ತೆಗೆದವರು ಹಾಗೇ ತಡೆದರು.

"ಈ ಕಾಗದ ಹೋದ್ರೆ ನೀವು ಮೊದಲು ಮಾಡೋ ಕೆಲಸ ಏನು?"

"ಈ ತಕ್ಕಡಿಗೆ ನೋಟೀಸು, ಸಾರ್."

ಹೆಂಡತಿ ಹಿಂದಿನಿಂದ ಗಂಡನ ಬೆನ್ನಿಗೆ ಚಿವುಟಿದರು.

"ಹೋಗದಿದ್ರೆ?"

"ಕಿರಿಯ ತಪಾಸಕರು ಬರ್ತಾರೆ. ಬಂದು ಮುದ್ರೆ ಒತ್ತಿ ಹೋಗ್ತಾರೆ. ತಕ್ಕಡಿ ನೋಡೋದಿಲ್ಲ. ನಿಮಗೆ ಏನೂ ತೊಂದರೆ ಇಲ್ಲ." ಸಾಹೇಬರು ಇದನ್ನು ಹೇಳಿದ್ದು ಬಸ್ಸಿನ ಹೊತ್ತು ಹೇಳುವವರ ದನಿಯಲ್ಲಿ.

ಪೆನ್ನು ಗಾಳಿಯಲ್ಲೇ ನಿಂತಿತು. ಎರಡು ವರ್ಷದ ಕೆಲಸ, ಭಾಷಣ, ಆಸ್ಪತ್ರೆಯ ಹೆಸರು ಒಂದು ತಟ್ಟೆಯಲ್ಲಿ. ಇನ್ನೊಂದು ತಟ್ಟೆಯಲ್ಲಿ ಐಸಿನ ಚೀಲ ಹೊತ್ತು ಕೂತ ಒಬ್ಬ ಮನುಷ್ಯ. ಹೆಂಡತಿ ಬಗ್ಗಿ ಗಂಡನ ಕಿವಿಯಲ್ಲಿ ಹೇಳಿದರು: "ಒಂದು ದಿನ, ಒಂದೇ ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ರೀ?"

ಲೆಕ್ಕದ ಮೇಡಂ ಎದ್ದು ನಿಂತರು. "ಸಾರ್, ನೋಡದೆ ಒತ್ತಿದ ಮುದ್ರೆ ನನ್ನ ಲೆಕ್ಕಕ್ಕೆ ಬೇಡ. ತಕ್ಕಡಿ ಎಷ್ಟು ಸುಳ್ಳು ಹೇಳುತ್ತೆ ಅಂತ ಇವರು ಬರೆದುಕೊಟ್ಟರೆ ಅಷ್ಟನ್ನು ಎಲ್ಲರದ್ದರಲ್ಲೂ ಕಳೆದು ಮತ್ತೆ ತಾಳೆ ನೋಡಬಹುದು. ಬರೆದುಕೊಡಬೇಕಾದರೆ ಇವರು ಕೆಲಸದಲ್ಲಿರಬೇಕು. ಕೆಲಸದಲ್ಲಿರಬೇಕಾದರೆ ಆ ಕಾಗದ ಹೋಗಬೇಕು."

ದೊಡ್ಡ ಡಾಕ್ಟರು ಮೇಡಂ ಮುಖ ನೋಡಿದರು. ನಿಟ್ಟುಸಿರು ಬಿಟ್ಟರು. ಸಹಿ ಹಾಕಿದರು. ನೋಟೀಸು ಕೊಡುವವನನ್ನು ತಾನೇ ಕೆಲಸಕ್ಕೆ ಕಳಿಸಿದ ಆಸ್ಪತ್ರೆ ಅದೊಂದೇ ಇರಬೇಕು.

"ಹೋಗೋ ಮೊದಲು ಪಟ್ಟಿ," ಎಂದು ಮೇಡಂ ಹೊಸದೊಂದನ್ನು ಚಾಚಿದರು. "ಈ ಸಲ ನಿಜವಾದ ಕೈ."

ಸಾಹೇಬರು ಬರೆಯತೊಡಗಿದರು, ಹೆಂಡತಿ ಭುಜದ ಮೇಲಿಂದ ಓದತೊಡಗಿದರು. ಗುಂಡಿ ಹಾಕಿಕೊಳ್ಳುವ ಪ್ರಶ್ನೆಗೆ ಸಾಹೇಬರು ನಾಲ್ಕು ಬರೆದರು. "ನಾಲ್ಕಾ? ಯಾವಾಗಿಂದ?" ಎಂದರು ಹೆಂಡತಿ. ನಾಲ್ಕು ಎರಡಾಯಿತು. ಬೆನ್ನು ಉಜ್ಜಿಕೊಳ್ಳುವುದಕ್ಕೆ ಒಂದು ಬರೆದರು. "ಮೊನ್ನೆ ನಾನು ಕರೆದಾಗ ಬಾಗಿಲು ಹಾಕ್ಕೊಂಡು ನೀವೇ ಉಜ್ಜಿಕೊಂಡಿದ್ದು ನಂಗೆ ಗೊತ್ತಿಲ್ವಾ?" ಒಂದು ಮೂರಾಯಿತು. ಒಟ್ಟು ಐವತ್ತೆಂಟು. ಮೇಡಂ ಆ ಐವತ್ತೆಂಟರ ಕೆಳಗೆ ಎರಡು ಗೆರೆ ಎಳೆದರು. ಒಂದು ವಾರದಲ್ಲಿ ಮೊದಲ ಬಾರಿಗೆ ನಕ್ಕರು.

ರೋಗಿ ತಾನೇ ಕೈಯಲ್ಲಿ ತಂದುಕೊಟ್ಟ ಕಾಗದವನ್ನು ಇಲಾಖೆ ಒಪ್ಪುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಗುಮಾಸ್ತ ಲಕೋಟೆ ಹಿಡಿದು ಅಂಚೆ ಕಚೇರಿಗೆ ನಡೆದ. ಗಂಡ ಹೆಂಡತಿ ಹತ್ತು ಹೆಜ್ಜೆ ಹಿಂದೆ, ಲಕೋಟೆಯನ್ನೇ ನೋಡುತ್ತಾ. ಕಿಂಡಿಯೊಳಗಿನವರು ಲಕೋಟೆ ತಗೊಂಡು ಪುಟ್ಟ ತಕ್ಕಡಿಯ ಮೇಲಿಟ್ಟರು. ಮುಳ್ಳು ಅಲುಗಿತು, ನಿಂತಿತು. ಸಾಹೇಬರ ಕತ್ತು ಉದ್ದವಾಯಿತು. ತಕ್ಕಡಿಯ ಪಕ್ಕದಲ್ಲಿ ಮುದ್ರೆಯಿತ್ತು. ಮೂರು ವರ್ಷ ಹಳೆಯದು, ಅವಧಿ ಮುಗಿದದ್ದು.

ಹೆಂಡತಿಗೆ ಆ ಕತ್ತು ಗೊತ್ತಿತ್ತು. ಕಣ್ಣು ಮುಚ್ಚಿಕೊಂಡರು.

ಸಾಹೇಬರ ಬಾಯಿ ತೆರೆಯಿತು. ಲಕೋಟೆ ಇನ್ನೂ ತಟ್ಟೆಯ ಮೇಲಿತ್ತು. ಕಿಂಡಿಯವರು ತಲೆಯೆತ್ತಿ, "ಏನು ಸಾರ್?" ಎಂದರು.

"ಇಲ್ಲ," ಎಂದರು ಸಾಹೇಬರು. ಹಣೆಯಲ್ಲಿ ಬೆವರು ಮೂಡಿತ್ತು. "ಏನೂ ಇಲ್ಲ. ನೀವು ಕೆಲಸ ಮಾಡಿ."

ಹೆಂಡತಿ ದಿಗ್ಗನೆ ಕಣ್ಣು ಬಿಟ್ಟರು. ಸೊನ್ನೆ ಬಂದಾಗಲೂ, ನೂರು ಬಂದಾಗಲೂ ಆಕೆ ಗಂಡನನ್ನು ಹಾಗೆ ನೋಡಿರಲಿಲ್ಲ. ಕಿಂಡಿಯೊಳಗೆ ಠಸ್ಸೆ ಬಿತ್ತು. ಲಕೋಟೆ ಗೋಣಿಯೊಳಗೆ ಬಿತ್ತು, ಗೋಣಿಯ ಬಾಯಿಗೆ ದಾರ ಬಿತ್ತು, ಗೋಣಿಯನ್ನು ಹೆಗಲಿಗೇರಿಸಿಕೊಂಡವನು ಹಿಂಬಾಗಿಲಿನಿಂದ ಹೊರಟುಹೋದ.